ಕಂಪ್ಯೂಟರ್ ಕೊಳ್ತೀರಾ? ಬೆಲೆಯ ಜತೆ ಸರ್ವೀಸನ್ನೂ ಕೇಳಿ!

ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಲ್ಯಾಪ್‌ಟಾಪ್ ಬೇಕೇ ಬೇಕು ಅಂತಿದ್ದಾಳೆ. ಮಗನ ಹೋಮ್‌ವರ್ಕ್‌ಗೆ ಮೊಬೈಲ್‌ನ ಪುಟ್ಟ ಪರದೆ ಸಾಲುತ್ತಿಲ್ಲ. ನಿಮಗೂ ಅಷ್ಟೇ, ಮನೆಯಲ್ಲೇ ನಡೆಸುವ ಟ್ಯೂಷನ್ನೋ ಸೀರೆ ವ್ಯಾಪಾರದ ಲೆಕ್ಕವೋ ಬರೆದಿಡಲು ಒಂದು ಕಂಪ್ಯೂಟರ್ ಇದ್ದರೆ ಎಷ್ಟೋ ಅನುಕೂಲ. ಅಂತೂ ಮನೆಗೆ ಕಂಪ್ಯೂಟರ್ ತರುವುದು ಅಂತ ತೀರ್ಮಾನವಾಯಿತು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. 'ಎಷ್ಟಕ್ಕೆ ಸಿಗುತ್ತೆ?'

ಮಗ ಪ್ರೊಸೆಸರ್ ಯಾವುದು ಅಂತ ನೋಡುತ್ತಾನೆ. ಯಜಮಾನರು ಆಫರ್ ಎಲ್ಲಿದೆ ಅಂತ ಹುಡುಕುತ್ತಾರೆ. ಮಗಳಿಗೆ ಬಣ್ಣ, ತೂಕ ಮುಖ್ಯ. ಆದರೆ 'ಕೆಟ್ಟರೆ ರಿಪೇರಿಗೆ ಯಾರು ಬರ್ತಾರೆ? ಐದು ವರ್ಷ ಇಟ್ಟುಕೊಂಡರೆ ಒಟ್ಟು ಎಷ್ಟು ಖರ್ಚಾಗುತ್ತೆ?' ಅಂತ ಕೇಳುವವರೇ ಇಲ್ಲ! ಕೆಟ್ಟ ದಿನ ಮಾತ್ರ ಎಲ್ಲರೂ ಆಫೀಸು, ಕಾಲೇಜು ಅಂತ ಹೊರಟುಹೋಗುತ್ತಾರೆ. ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ ಸಂಗೀತ ಕೇಳುತ್ತಾ ಕಾಯುವವರು, ಮೆಕ್ಯಾನಿಕ್ ಈಗ ಬಂದಾನು ಆಗ ಬಂದಾನು ಅಂತ ಹೊರಗೂ ಹೋಗದೆ ಕೂರುವವರು ನೀವೇ. ಹಾಗಿದ್ದ ಮೇಲೆ ಕೊಳ್ಳುವ ದಿನ ಆ ಪ್ರಶ್ನೆಯನ್ನು ಕೇಳಬೇಕಾದವರೂ ನೀವೇ ಅಲ್ಲವೇ?

ಈ ಲೆಕ್ಕ ನಿಮಗೆ ಹೊಸದಲ್ಲ

'ಕಂಪ್ಯೂಟರ್ ವಿಷಯ ನಮಗೇನು ಗೊತ್ತಾಗುತ್ತೆ' ಅಂತ ಹಿಂದೆ ಸರಿಯಬೇಡಿ. ವಾಟರ್ ಫಿಲ್ಟರ್ ತೆಗೆದುಕೊಳ್ಳುವಾಗ ನೀವು ಏನು ಕೇಳುತ್ತೀರಿ? 'ಕ್ಯಾಂಡಲ್ ಎಷ್ಟು ತಿಂಗಳಿಗೊಮ್ಮೆ ಬದಲಾಯಿಸಬೇಕು, ಅದಕ್ಕೆಷ್ಟು, ಸರ್ವೀಸಿಗೆ ಹುಡುಗ ಬರ್ತಾನಾ?' ಅಂತ ತಾನೆ! ಮಿಕ್ಸಿ ಕೊಳ್ಳುವಾಗ 'ಜಾರ್ ಬಿಡಿಯಾಗಿ ಸಿಗುತ್ತಾ' ಅಂತ ವಿಚಾರಿಸುತ್ತೀರಿ. ಕುಕ್ಕರಿನ ಗ್ಯಾಸ್ಕೆಟ್ ಹತ್ತಿರದ ಅಂಗಡಿಯಲ್ಲೇ ಸಿಗುವ ಕಂಪನಿಯದನ್ನೇ ಆರಿಸುತ್ತೀರಿ. ಕಂಪ್ಯೂಟರಿಗೂ ಇದೇ ಬುದ್ಧಿ ಸಾಕು.

ದೊಡ್ಡ ದೊಡ್ಡ ಕಂಪನಿಗಳೂ ಇದೇ ಲೆಕ್ಕ ಹಾಕುತ್ತವೆ. ಕೊಂಡ ಬೆಲೆಗೆ ರಿಪೇರಿ, ಸಾಫ್ಟ್‌ವೇರ್, ವಿದ್ಯುತ್, ಕೆಲಸ ನಿಂತು ಆದ ನಷ್ಟ ಎಲ್ಲವನ್ನೂ ಸೇರಿಸಿ 'ಒಟ್ಟು ಒಡೆತನದ ವೆಚ್ಚ' ಎಂದು ನೋಡುವ ಪದ್ಧತಿಯನ್ನು ಅಮೆರಿಕದ ಗಾರ್ಟ್ನರ್ ಸಂಸ್ಥೆ 1987ರಲ್ಲಿ ಬಳಕೆಗೆ ತಂದಿತು. ಸರ್ವೀಸಿಗೆ ಅವರು ಎಷ್ಟು ಬೆಲೆ ಕೊಡುತ್ತಾರೆ ಅನ್ನುವುದಕ್ಕೆ ನಮ್ಮ ಬೆಂಗಳೂರಿಗೇ ಸಂಬಂಧಿಸಿದ ಒಂದು ಉದಾಹರಣೆ ಇದೆ. ಡೆಲ್ ಕಂಪನಿ ಅಮೆರಿಕದ ಗ್ರಾಹಕರ ಕರೆಗಳಿಗೆ ಬೆಂಗಳೂರಿನಿಂದ ಉತ್ತರ ಕೊಡಿಸುತ್ತಿತ್ತು. ಕಂಪ್ಯೂಟರುಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಳ್ಳುವ ಅಲ್ಲಿನ ಕಂಪನಿಗಳು ಸರ್ವೀಸ್ ಚೆನ್ನಾಗಿಲ್ಲವೆಂದು ದೂರಿದಾಗ, 2003ರ ನವೆಂಬರ್‌ನಲ್ಲಿ ಅಂಥವರ ಕೆಲವು ಕರೆಗಳನ್ನು ಮತ್ತೆ ಅಮೆರಿಕಕ್ಕೇ ತಿರುಗಿಸಿತು. ಅಂದರೆ ಸರ್ವೀಸ್ ಕೂಡ ಕೊಂಡ ವಸ್ತುವಿನದೇ ಒಂದು ಭಾಗ ಅಂತ ಆ ಗ್ರಾಹಕರು ಗಟ್ಟಿಯಾಗಿ ಹೇಳಿದರು. ನಾವು ಕೊಳ್ಳುವುದು ಒಂದೇ ಲ್ಯಾಪ್‌ಟಾಪ್ ನಿಜ. ಆದರೆ ಕೇಳುವ ಹಕ್ಕು ಅಷ್ಟೇ ಇದೆ.

ಒಂದು ಸಣ್ಣ ಲೆಕ್ಕ ಹಾಕೋಣ

ಅಂಗಡಿಯಲ್ಲಿ ಎರಡು ಲ್ಯಾಪ್‌ಟಾಪ್ ತೋರಿಸಿದರು ಎಂದುಕೊಳ್ಳಿ. ಮೊದಲನೆಯದಕ್ಕೆ 36,000 ರೂಪಾಯಿ, ಒಂದು ವರ್ಷದ ವಾರಂಟಿ, ಕೆಟ್ಟರೆ ನಾವೇ ಹೊತ್ತುಕೊಂಡು ಹೋಗಬೇಕು. ಎರಡನೆಯದಕ್ಕೆ 45,000 ರೂಪಾಯಿ, ಮೂರು ವರ್ಷದ ವಾರಂಟಿ, ಎಂಜಿನಿಯರ್ ಮನೆಗೇ ಬರುತ್ತಾರೆ. ಒಂಬತ್ತು ಸಾವಿರ ಉಳಿಯಿತಲ್ಲ ಅಂತ ಮೊದಲನೆಯದನ್ನೇ ತಂದಿರಿ.

ಎರಡನೇ ವರ್ಷ ಕೀಬೋರ್ಡ್ ಕೈಕೊಟ್ಟಿತು, 4,000. ಮೂರನೇ ವರ್ಷ ಪರದೆಯಲ್ಲಿ ತಾನಾಗಿಯೇ ಗೆರೆ ಬಂತು, 6,500. ನಾಲ್ಕನೇ ವರ್ಷ ಬ್ಯಾಟರಿ ಸೋತಿತು, 4,000. ಸರ್ವೀಸ್ ಸೆಂಟರಿಗೆ ಓಡಾಡಿದ ಆಟೊ ಖರ್ಚು 1,200. ಒಟ್ಟು 51,700 ರೂಪಾಯಿ! ಇದರ ಮೆಮೊರಿ ಹೆಚ್ಚಿಸಲು ಬರುವುದಿಲ್ಲ, ಹಾಗಾಗಿ ನಾಲ್ಕು ವರ್ಷಕ್ಕೇ ನಿಧಾನವಾಗಿ ಮೂಲೆ ಸೇರಿತು. ವರ್ಷಕ್ಕೆ ಸುಮಾರು 12,900 ಆಯಿತು.

ಎರಡನೆಯದನ್ನು ತಂದಿದ್ದರೆ? ಕೀಬೋರ್ಡ್, ಪರದೆ ಎರಡೂ ವಾರಂಟಿಯಲ್ಲಿ ಆಗುತ್ತಿತ್ತು. ನಾಲ್ಕನೇ ವರ್ಷ ಬ್ಯಾಟರಿಗೆ 4,000, ಮೆಮೊರಿ ಹೆಚ್ಚಿಸಲು 4,000. ಒಟ್ಟು 53,000. ಆದರೆ ಆರು ವರ್ಷ ಬಾಳುತ್ತದೆ. ವರ್ಷಕ್ಕೆ ಬಿದ್ದದ್ದು ಸುಮಾರು 8,800 ಮಾತ್ರ.

ಇವು ಲೆಕ್ಕ ತಿಳಿಯಲೆಂದು ಹಾಕಿಕೊಂಡ ಅಂಕಿಗಳು. ನಿಮಗೆ ಸಿಗುವ ಬೆಲೆಗಳನ್ನು ಹಾಕಿ ನೀವೇ ನೋಡಿ. ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸುವುದೇ ಇದರ ಗುಟ್ಟು. ಹಾಗಂತ ದುಬಾರಿಯದೆಲ್ಲ ಒಳ್ಳೆಯದು ಎಂದಲ್ಲ. ವಾರದಲ್ಲಿ ಎರಡು ದಿನ ಇ-ಮೇಲ್, ಆನ್‌ಲೈನ್ ಬಿಲ್ಲು ಅಂತ ಬಳಸುವ ಮನೆಗೆ ಲಕ್ಷದ ಲ್ಯಾಪ್‌ಟಾಪ್ ಬೇಕಿಲ್ಲ.

ವಾರಂಟಿ ಅಂದ್ರೆ ಎಲ್ಲವೂ ಅಲ್ಲ

'ಮೇಡಂ, ಒಂದು ವರ್ಷ ವಾರಂಟಿ ಇದೆ, ಚಿಂತೆ ಬೇಡ' ಅಂತ ಅಂಗಡಿಯವನು ಹೇಳುತ್ತಾನೆ. ಆದರೆ ಎಂಥ ವಾರಂಟಿ? ಆನ್‌ಸೈಟ್ ಅಂದರೆ ಎಂಜಿನಿಯರ್ ಮನೆಗೆ ಬರುವುದು. ಕ್ಯಾರಿ-ಇನ್ ಅಂದರೆ ನೀವೇ ಒಯ್ಯಬೇಕು. ಟ್ರಾಫಿಕ್ಕಿನಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಎರಡೆರಡು ಸಲ ಅಲೆಯುವ ಕಷ್ಟ ನಿಮಗೇ ಗೊತ್ತು. ಆನ್‌ಸೈಟ್ ಎಂದಿದ್ದರೂ ಮೊದಲು ಫೋನಿನಲ್ಲೇ ಸರಿಪಡಿಸಲು ನೋಡುತ್ತಾರೆ. ಅದು ತಪ್ಪಲ್ಲ, ಎಷ್ಟೋ ತೊಂದರೆ ಅಲ್ಲೇ ಬಗೆಹರಿಯುತ್ತದೆ.

ಇನ್ನು ಮಗು ಕಾಫಿ ಚೆಲ್ಲಿದರೆ, ಕೈಜಾರಿ ಬಿದ್ದು ಪರದೆ ಒಡೆದರೆ ಸಾಮಾನ್ಯ ವಾರಂಟಿಯಲ್ಲಿ ಬಿಡಿಗಾಸೂ ಸಿಗುವುದಿಲ್ಲ. ಅದಕ್ಕೆ ಅಪಘಾತ ರಕ್ಷಣೆ ಅಂತ ಬೇರೆ ಪ್ಲಾನ್ ಇರುತ್ತದೆ. ಕಾಲೇಜಿಗೆ ಬಸ್ಸಿನಲ್ಲಿ ದಿನಾ ಹೊತ್ತೊಯ್ಯುವ ಮಕ್ಕಳಿದ್ದರೆ, ಪುಟಾಣಿಗಳಿರುವ ಮನೆಯಾದರೆ ಅದು ಬೇಕಾಗಬಹುದು. ಮೇಜಿನ ಮೇಲೇ ಇರುವ ಕಂಪ್ಯೂಟರಿಗೆ ಅದರ ಅಗತ್ಯವಿಲ್ಲ. ಬ್ಯಾಟರಿಯ ವಾರಂಟಿಯನ್ನು ಬೇರೆಯಾಗಿಯೇ ಕೇಳಿ. ಲ್ಯಾಪ್‌ಟಾಪಿಗೆ ಮೂರು ವರ್ಷವಿದ್ದರೂ ಬ್ಯಾಟರಿಗೆ ಸಾಮಾನ್ಯವಾಗಿ ಒಂದೇ ವರ್ಷ.

ವಾರಂಟಿಯನ್ನು ಹೆಚ್ಚಿಸಿಕೊಳ್ಳುವಾಗ, ಅದನ್ನು ಕೊಡುವವರು ಕಂಪ್ಯೂಟರ್ ಕಂಪನಿಯವರೋ, ಅಂಗಡಿಯವರೋ, ಮೂರನೆಯವರೋ ಅಂತ ತಿಳಿದುಕೊಳ್ಳಿ. ಕಂಪನಿಯದೇ ಆದರೆ ನೆಮ್ಮದಿ ಹೆಚ್ಚು. ಮೊದಲ ವಾರಂಟಿ ಮುಗಿಯುವುದರೊಳಗೆ ಅದನ್ನು ತೆಗೆದುಕೊಳ್ಳಬೇಕು ಅನ್ನುವುದು ನೆನಪಿರಲಿ. ಮೂವತ್ತು ಸಾವಿರದ ಯಂತ್ರಕ್ಕೆ ಹತ್ತು ಸಾವಿರ ವಾರಂಟಿ ಅಂದರೆ ಮಾತ್ರ ಬೇಡ ಅನ್ನಿ. ಆ ಹಣವನ್ನು ರಿಪೇರಿಗೆಂದೇ ತೆಗೆದಿಟ್ಟರೆ ಆಯಿತು.

ಇನ್ನೊಂದು ಮುಖ್ಯ ವಿಷಯ. ಒಳಗಿರುವ ಫೋಟೊ, ಮಕ್ಕಳ ಪ್ರಾಜೆಕ್ಟು, ನಿಮ್ಮ ಲೆಕ್ಕಪತ್ರ ಇವಕ್ಕೆ ಯಾವ ವಾರಂಟಿಯೂ ಇಲ್ಲ. ಡಿಸ್ಕ್ ಹೋದರೆ ಕಂಪನಿ ಹೊಸ ಡಿಸ್ಕ್ ಕೊಡುತ್ತದೆ, ಮಗಳ ಮೊದಲ ಹುಟ್ಟುಹಬ್ಬದ ಫೋಟೊ ಕೊಡುವುದಿಲ್ಲ! ಹಾಗಾಗಿ ಬ್ಯಾಕಪ್ ತೆಗೆಯಲು ಹೊರಗಿನ ಒಂದು ಹಾರ್ಡ್‌ಡಿಸ್ಕನ್ನೂ ಬಜೆಟ್ಟಿನಲ್ಲಿ ಸೇರಿಸಿಕೊಂಡುಬಿಡಿ.

ಸರ್ವೀಸ್ ಸೆಂಟರ್ ಎಲ್ಲಿದೆ?

ಕೊಳ್ಳುವ ಮೊದಲೇ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಪಿನ್‌ಕೋಡ್ ಹಾಕಿ ನೋಡಿ. ಬೆಂಗಳೂರಿನಲ್ಲಿರುವವರಿಗೆ ಅಷ್ಟು ತೊಂದರೆಯಾಗದು. ಆದರೆ ಮಗಳು ಹಾಸನದಲ್ಲೋ ಕಲಬುರಗಿಯಲ್ಲೋ ಹಾಸ್ಟೆಲ್‌ನಲ್ಲಿ ಓದುವುದಾದರೆ ಅಲ್ಲಿ ಆ ಕಂಪನಿಯ ಸರ್ವೀಸ್ ಇದೆಯೇ ಎಂದು ನೋಡಬೇಕು. ಅಲ್ಲಿಗೂ ಎಂಜಿನಿಯರ್ ಬರುತ್ತಾರಾ, ಬಿಡಿಭಾಗ ಬರಲು ಎಷ್ಟು ದಿನ ಅಂತ ವಿಚಾರಿಸಿ. ಪರೀಕ್ಷೆಯ ಹಿಂದಿನ ವಾರ ಲ್ಯಾಪ್‌ಟಾಪ್ ಇಪ್ಪತ್ತು ದಿನ ರಿಪೇರಿಗೆ ಹೋದರೆ ಆ ನಷ್ಟ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಅಕ್ಕಪಕ್ಕದವರನ್ನೂ ಕೇಳಿ. 'ಚೆನ್ನಾಗಿದೆಯಾ' ಅಂತ ಅಲ್ಲ, 'ಕೆಟ್ಟಾಗ ಏನು ಮಾಡಿದರು, ಎಷ್ಟು ದಿನ ತೆಗೆದುಕೊಂಡರು' ಅಂತ ಕೇಳಿ. ಕೊಂಡ ಹೊಸದರಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ದೊಡ್ಡ ಹೆಸರು ಅಂದ ಮಾತ್ರಕ್ಕೆ ಯಾವಾಗಲೂ ಇರುತ್ತದೆ ಅಂತಲೂ ಅಲ್ಲ. ನಮ್ಮ ಬೆಂಗಳೂರಿನದೇ ವಿಪ್ರೊ 2013ರಲ್ಲಿ ತನ್ನ ಹೆಸರಿನ ಕಂಪ್ಯೂಟರ್ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಸೋನಿ ತನ್ನ ವಯೋ ಲ್ಯಾಪ್‌ಟಾಪ್ ವಿಭಾಗವನ್ನು 2014ರಲ್ಲಿ ಮಾರಿತು. ತೊಷಿಬಾ 2020ರಲ್ಲಿ ಲ್ಯಾಪ್‌ಟಾಪ್ ವ್ಯವಹಾರದಿಂದ ಪೂರ್ತಿ ಹೊರನಡೆಯಿತು. ಹೀಗಾಗಿ ಸುಲಭವಾಗಿ ಬಿಡಿಭಾಗ ಸಿಗುವ, ಹೆಚ್ಚು ಜನ ಕೊಳ್ಳುವ ಮಾದರಿಯನ್ನೇ ಆರಿಸುವುದು ಜಾಣತನ.

ಡೆಸ್ಕ್‌ಟಾಪೋ, ಲ್ಯಾಪ್‌ಟಾಪೋ?

ಹೊರಗೆ ಒಯ್ಯುವ ಅಗತ್ಯವಿಲ್ಲದಿದ್ದರೆ ಡೆಸ್ಕ್‌ಟಾಪ್ ಈಗಲೂ ಒಳ್ಳೆಯ ಆಯ್ಕೆ. ಕೀಬೋರ್ಡ್ ಕೆಟ್ಟರೆ ಕೆಲವು ನೂರು ರೂಪಾಯಿಗೆ ಬೇರೆ ತಂದರಾಯಿತು, ಲ್ಯಾಪ್‌ಟಾಪಿನ ಹಾಗೆ ಬಿಚ್ಚಬೇಕಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬೇಕಾದ ಭಾಗಗಳನ್ನು ಸೇರಿಸಿ ಜೋಡಿಸಿಯೂ ಕೊಡುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. ಜೋಡಿಸಿದ ಕಂಪ್ಯೂಟರಿಗೆ ಒಟ್ಟಾಗಿ ಒಂದು ಕಂಪನಿಯ ವಾರಂಟಿ ಇರುವುದಿಲ್ಲ, ಒಂದೊಂದು ಭಾಗಕ್ಕೆ ಒಂದೊಂದು ಕಂಪನಿ, ಒಂದೊಂದು ಅವಧಿ. ಬಿಲ್ಲಿನಲ್ಲಿ ಪ್ರತಿ ಭಾಗದ ಹೆಸರು, ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಕೆಟ್ಟಾಗ ಯಾವ ಭಾಗ ಅಂತ ಪತ್ತೆಮಾಡಿ ಕಂಪನಿಗೆ ಕಳಿಸುವ ಹೊಣೆ ಅಂಗಡಿಯವನದೇ ಅಂತಲೂ ಮಾತಾಡಿಕೊಳ್ಳಿ.

ಕರೆಂಟ್ ಹೋದರೆ ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕು, ಅದರ ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಬೇಕು. ವಿದ್ಯುತ್ ಲೆಕ್ಕವನ್ನೂ ನೋಡಿ. ಮಾನಿಟರ್ ಸೇರಿ 120 ವ್ಯಾಟ್ ಎಳೆಯುವ ಡೆಸ್ಕ್‌ಟಾಪನ್ನು ದಿನಕ್ಕೆ 5 ಗಂಟೆ ಬಳಸಿದರೆ ತಿಂಗಳಿಗೆ 18 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಅಂತ ಹಿಡಿದರೆ 108 ರೂಪಾಯಿ. 50 ವ್ಯಾಟ್ ಲ್ಯಾಪ್‌ಟಾಪಿಗೆ ಏಳೂವರೆ ಯೂನಿಟ್, 45 ರೂಪಾಯಿ. ಐದು ವರ್ಷಕ್ಕೆ ಹತ್ತಿರ ಹತ್ತಿರ 3,800 ರೂಪಾಯಿ ವ್ಯತ್ಯಾಸ!

ಸಾಫ್ಟ್‌ವೇರಿಗೂ ವಯಸ್ಸಿದೆ

ಯಂತ್ರ ಚೆನ್ನಾಗಿದ್ದರೂ ಅದರೊಳಗಿನ ವಿಂಡೋಸ್‌ಗೆ ಕಂಪನಿಯ ಬೆಂಬಲ ನಿಂತರೆ ಕಷ್ಟ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ ಮುಗಿಯಿತು. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಹದಿನೈದು ಸಾವಿರಕ್ಕೆ ಸಿಗುತ್ತೆ ಅಂತ ಯಾರಾದರೂ ಹೇಳಿದರೆ 'ವಿಂಡೋಸ್ 11 ಹಾಕೋಕೆ ಬರುತ್ತಾ?' ಅಂತ ಮೊದಲು ಕೇಳಿ. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಆಮೇಲಿನದು ಬೇಕು. ಇಲ್ಲದಿದ್ದರೆ ಭದ್ರತೆಯ ಅಪ್‌ಡೇಟ್ ಬರದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡಿದಂತಾಗುತ್ತದೆ. ಬಾಗಿಲಿಗೆ ಬೀಗವಿಲ್ಲದ ಮನೆಯಲ್ಲಿ ಒಡವೆ ಇಟ್ಟ ಹಾಗೆ!

'ಎಂಎಸ್ ಆಫೀಸ್ ಫ್ರೀ' ಅಂದರೆ ಅದು ಶಾಶ್ವತವೋ, ಒಂದು ವರ್ಷದ್ದೋ ಅಂತ ಕೇಳಿ. ವರ್ಷದ್ದಾದರೆ ಮುಂದಿನ ವರ್ಷದಿಂದ ಚಂದಾ ಕಟ್ಟಬೇಕು. ಪತ್ರ, ಲೆಕ್ಕ ಬರೆಯುವುದಷ್ಟೇ ಆದರೆ ಲಿಬ್ರೆ ಆಫೀಸ್ ಉಚಿತವಾಗಿ ಸಿಗುತ್ತದೆ. ವಿಂಡೋಸ್‌ನಲ್ಲಿ ಡಿಫೆಂಡರ್ ಎಂಬ ವೈರಸ್ ರಕ್ಷಣೆ ಜತೆಗೇ ಬರುತ್ತದೆ, ಕನ್ನಡ ಅಕ್ಷರವೂ ಕನ್ನಡ ಕೀಬೋರ್ಡೂ ಅದರಲ್ಲೇ ಇದೆ. ಇವುಗಳಿಗೆಂದು ಬೇರೆ ದುಡ್ಡು ಕೇಳಿದರೆ ಯೋಚಿಸಿ.

ಜತೆಗೆ ಕೊಳ್ಳುವ ಪ್ರಿಂಟರಿನದು ಇನ್ನೊಂದು ಕಥೆ. ಪ್ರಿಂಟರ್ ಅಗ್ಗ, ಇಂಕು ದುಬಾರಿ! 900 ರೂಪಾಯಿಯ ಕಾರ್ಟ್ರಿಜ್ 180 ಪುಟ ಬಂದರೆ ಪುಟಕ್ಕೆ ಐದು ರೂಪಾಯಿ ಬಿತ್ತು. ಇಂಕ್‌ಟ್ಯಾಂಕ್ ಪ್ರಿಂಟರಿನ ಬೆಲೆ ಹೆಚ್ಚು, ಆದರೆ ಪುಟದ ಖರ್ಚು ಪೈಸೆಗಳಲ್ಲಿ. ಎಷ್ಟು ಪುಟ ಬರುತ್ತದೆ ಅಂತ ಇಂಕಿನ ಡಬ್ಬದ ಮೇಲೆ ಅಥವಾ ಕಂಪನಿಯ ವೆಬ್‌ಸೈಟಿನಲ್ಲಿ ಬರೆದಿರುತ್ತದೆ. ತಿಂಗಳಿಗೆ ಹತ್ತು ಪುಟ ಮಾತ್ರ ಬೇಕಾದವರಿಗೆ ಎರಡೂ ಬೇಡ. ಬಳಸದೆ ಇಟ್ಟರೆ ಇಂಕು ಒಣಗುತ್ತದೆ. ರಸ್ತೆ ತುದಿಯ ಜೆರಾಕ್ಸ್ ಅಂಗಡಿಯೇ ಲಾಭ.

ಬಿಲ್ ಬಿಡಬೇಡಿ

'ಬಿಲ್ ಬೇಡ ಅಂದ್ರೆ ಕಡಿಮೆ ಮಾಡಿಕೊಡ್ತೀನಿ' ಅನ್ನುವವರಿದ್ದಾರೆ. ಕಂಪ್ಯೂಟರಿನ ಮೇಲೆ ಜಿಎಸ್‌ಟಿ ಶೇ 18, ಅದಕ್ಕೇ ಈ ಆಸೆ ತೋರಿಸುವುದು. ಒಪ್ಪಬೇಡಿ. ಬಿಲ್ ಇಲ್ಲದಿದ್ದರೆ ನಾಳೆ ವಾರಂಟಿ ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. 'ಒಮ್ಮೆ ಮಾರಿದ ವಸ್ತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ' ಅಂತ ಬೋರ್ಡು ಹಾಕಿದ್ದರೂ ಹೆದರಬೇಡಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ ಹಿಂಪಡೆಯಲು ನಿರಾಕರಿಸುವುದೂ ಅದೇ ಕಾಯ್ದೆಯ ಪ್ರಕಾರ ತಪ್ಪೇ.

ರಿಪೇರಿಗೆ ಕೊಡುವಾಗ ಜಾಬ್ ಶೀಟ್ ಕೇಳಿ ಪಡೆಯಿರಿ. ದೂರು ಕೊಟ್ಟ ದಿನಾಂಕ, ದೂರಿನ ಸಂಖ್ಯೆ, ಮಾತನಾಡಿದವರ ಹೆಸರು ಎಲ್ಲವನ್ನೂ ಹಾಲಿನ ಲೆಕ್ಕದ ಡೈರಿಯಲ್ಲೇ ಬರೆದಿಡಿ. ಕಂಪನಿ ಕಿವಿಗೆ ಹಾಕಿಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ನೀವು ವಾಸವಿರುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಆ ದಿನ ನಿಮ್ಮ ಡೈರಿಯೇ ನಿಮಗೆ ಸಾಕ್ಷಿ.

ಇನ್ನೊಂದು ಎಚ್ಚರಿಕೆ. ಕಸ್ಟಮರ್ ಕೇರ್ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ. ಕಂಪನಿಯ ಹೆಸರಿನಲ್ಲಿ ಮೋಸಗಾರರ ನಂಬರೂ ಇರುತ್ತದೆ. 'ಒಂದು ಆ್ಯಪ್ ಹಾಕಿಕೊಳ್ಳಿ, ಹತ್ತು ರೂಪಾಯಿ ಕಳಿಸಿ' ಅಂದರೆ ತಕ್ಷಣ ಫೋನ್ ಇಡಿ. ಡಬ್ಬದ ಮೇಲೋ ವಾರಂಟಿ ಪತ್ರದಲ್ಲೋ ಇರುವ ನಂಬರನ್ನು ಕೊಂಡ ದಿನವೇ ಮೊಬೈಲಿನಲ್ಲಿ ಸೇವ್ ಮಾಡಿ. ಅಕಸ್ಮಾತ್ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆಗಳು

* ವಾರಂಟಿ ಎಷ್ಟು ವರ್ಷ? ಮನೆಗೆ ಬರುತ್ತಾರೋ, ನಾವೇ ಒಯ್ಯಬೇಕೋ?
* ಬ್ಯಾಟರಿ, ಚಾರ್ಜರಿಗೆ ವಾರಂಟಿ ಎಷ್ಟು? ವಾರಂಟಿ ಮುಗಿದ ಮೇಲೆ ಬ್ಯಾಟರಿ, ಕೀಬೋರ್ಡ್, ಪರದೆಯ ಬೆಲೆ ಎಷ್ಟು?
* ನಮ್ಮ ಪಿನ್‌ಕೋಡಿಗೆ ಸರ್ವೀಸ್ ಇದೆಯೇ? ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆಯೇ?
* ಮುಂದೆ ಮೆಮೊರಿ, ಡಿಸ್ಕ್ ಹೆಚ್ಚಿಸಲು ಬರುತ್ತದೆಯೇ?
* ವಿಂಡೋಸ್ ಅಸಲಿಯೇ? ಆಫೀಸ್ ಎಷ್ಟು ದಿನಕ್ಕೆ?
* 'ಬಡ್ಡಿಯಿಲ್ಲದ' ಕಂತಿನಲ್ಲಿ ಪ್ರೊಸೆಸಿಂಗ್ ಶುಲ್ಕ ಎಷ್ಟು? ಪೂರ್ತಿ ಹಣ ಒಟ್ಟಿಗೇ ಕೊಟ್ಟರೆ ಎಷ್ಟು ಕಡಿಮೆಯಾಗುತ್ತದೆ?

ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಅಂಗಡಿಯವನು ನಿಮ್ಮ ಪ್ರಶ್ನೆಗೆ ಯಜಮಾನರ ಮುಖ ನೋಡಿ ಉತ್ತರ ಕೊಟ್ಟರೂ ಬಿಡಬೇಡಿ, ಮತ್ತೊಮ್ಮೆ ಕೇಳಿ. ಬೆಲೆ ಕೊಡುವುದು ಒಂದು ದಿನ, ಸರ್ವೀಸಿನ ಜತೆ ಏಗುವುದು ವರ್ಷಗಟ್ಟಲೆ. ತರಕಾರಿಯವನ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು ನಲವತ್ತು ಸಾವಿರದ ವಸ್ತುವಿಗೆ ನಾಲ್ಕು ಪ್ರಶ್ನೆ ಕೇಳಲು ಸಂಕೋಚಪಡಬೇಕೇ? ಏನಂತೀರಿ?